ಜೋಡೆತ್ತು ಕಾಣುವ ತಿರುವು

ಅಮೀರ್‌ಪೇಟೆಯ ಮೆಟ್ರೋ ಮೆಟ್ಟಿಲು ಇಳಿದರೆ ಎಡಗಡೆ ಹಣ್ಣಿನ ಬುಟ್ಟಿಗಳ ಸಾಲು. ಮೊನ್ನೆ ಅಲ್ಲಿ ಕಾಲಿಟ್ಟ ತಕ್ಷಣ ಸೀತಾಫಲದ ವಾಸನೆ ಬಂತು. ಹದವಾಗಿ ಹಣ್ಣಾದದ್ದಲ್ಲ, ಒಂದು ದಿನ ಹೆಚ್ಚಾಗಿ, ಸಿಪ್ಪೆ ಕಪ್ಪಾಗಿ, ಬಿರಿದು, ಕೊಂಚ ಹುಳಿ ತಿರುಗಿದ ಹಣ್ಣಿನ ವಾಸನೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನ ಬ್ಯಾಗಿನ ತುಂಬ ಇದೇ ವಾಸನೆ ಇರುತ್ತಿತ್ತು. ಭಾನುವಾರ ಗುಡ್ಡದಿಂದ ಕಿತ್ತು ತಂದ ಕಾಯಿಗಳನ್ನು ಹೊರಗೆ ತೆಗೆಯಲು ಮರೆತು, ಬುಧವಾರ ಮೀಟಿಂಗಿನಲ್ಲಿ ಬ್ಯಾಗು ತೆರೆದರೆ ಪಕ್ಕದವರೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು. ಕಣ್ಣು ಬಿಟ್ಟ ಕಾಯಿ ಯಾವುದು, ಇನ್ನೂ ವಾರ ಬೇಕಾದದ್ದು ಯಾವುದು ಎಂದು ನನಗೆ ಕಲಿಸಿದವರು ನಾನಿದ್ದ ಮನೆಯ ಮಾಲೀಕರು. ಅವರನ್ನು ಕಾಕಾ ಎನ್ನುತ್ತಿದ್ದೆ...

ಪ್ರೀತಿ ಉಕ್ಕಿ ಹಾಗೆ ಕರೆಯಲು ಶುರು ಮಾಡಿದ್ದೇನಲ್ಲ. ರೂಮು ಕೇಳಲು ಹೋದ ದಿನವೇ ಅವರ ಹೆಂಡತಿ ಬಾಗಿಲಲ್ಲಿ ನಿಂತು, “ಇವರಿಗೆ ಕಾಕಾ ಅನ್ನು, ನನಗ ಕಾಕು ಅನ್ನು. ಅಂಕಲ್ ಆಂಟಿ ಅಂದ್ರ ಮ್ಯಾಲಿನ ಖೋಲಿ ಖಾಲಿ ಇಲ್ಲ ನೋಡು” ಎಂದಿದ್ದರು. ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಆರು ಜನ ಮಲಗಿ, ಕೋರ್ಸು ಮುಗಿಸಿ, ಅಂತೂ ಇಂತೂ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಹಿಡಿದಿದ್ದ ನನಗೆ ಆ ಮಾತು ಕೇಳಿ ಕಣ್ಣಲ್ಲಿ ನೀರೇ ಬಂದಿತ್ತು. ಒಂದೂವರೆ ವರ್ಷದಲ್ಲಿ ಮನೆಯೊಳಗಿನ ಕನ್ನಡ ಕಿವಿಗೆ ಬಿದ್ದದ್ದು ಅದೇ ಮೊದಲು.

ಅವರು ಲಿಂಗಸುಗೂರು ಕಡೆಯವರು. ಕಾಕಾ ಮೂವತ್ತು ವರ್ಷ ಬಾಲಾನಗರದಲ್ಲಿ ವಿಮಾನದ ಉಪಕರಣ ತಯಾರಿಸುವ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದರು. ಕೊಂಡಾಪುರದಲ್ಲಿ ಯಾರೂ ಬರದ ಕಾಲದಲ್ಲಿ ಜಾಗ ಹಿಡಿದು ಕಟ್ಟಿದ ಪುಟ್ಟ ಮನೆ ಅದು. ನಾನು ಹೋಗುವ ಹೊತ್ತಿಗೆ ಆ ಊರು ಅರ್ಧ ಅಪಾರ್ಟ್‌ಮೆಂಟು, ಅರ್ಧ ಕಲ್ಲುಗುಡ್ಡ. ಬೆಳಿಗ್ಗೆ ಮೇಲಿನ ಬಾಗಿಲು ತೆರೆದರೆ ಒಂದು ಕಡೆ ಕ್ರೇನು, ಇನ್ನೊಂದು ಕಡೆ ಯಾರೋ ಆಡುತ್ತ ಆಡುತ್ತ ಬಿಟ್ಟು ಎದ್ದುಹೋದಂತೆ ಒಂದರ ಮೇಲೊಂದು ಕುಳಿತ ಬಂಡೆಗಳು.

ಕಾಕಾ ನಡೆಯುವವರು. ವ್ಯಾಯಾಮಕ್ಕೆ ನಡೆಯುವವರ ಜಾತಿಯಲ್ಲ. ಅಂಥವರನ್ನು ಕಂಡರೆ ಅವರಿಗೆ ನಗು. ಪ್ರತಿ ಭಾನುವಾರ ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟು, ಗಚ್ಚಿಬೌಲಿ ದಾಟಿ, ನಾನಕರಾಮಗುಡದ ಹಿಂದಿನ ಕುರುಚಲು ಹೊಕ್ಕು, ಗುಡ್ಡ ಹತ್ತಿ ಕೊಳ್ಳ ಇಳಿದು, ಹದಿಮೂರು ಹದಿನಾಲ್ಕು ಕಿಲೋಮೀಟರು ಕಾಲಲ್ಲೇ ಗಂಡಿಪೇಟೆಯ ಕೆರೆ ಮುಟ್ಟುತ್ತಿದ್ದರು. ಕೆರೆಯ ಏರಿಯ ಮೇಲೆ ಕುಳಿತು ರೊಟ್ಟಿ ತಿಂದು, ಬಸ್ಸು ಹಿಡಿದು ವಾಪಸು. ಕಾರ್ಖಾನೆಯಲ್ಲಿದ್ದಾಗಿನಿಂದಲೂ ಬಿಡದ ಅಭ್ಯಾಸ. ಆರು ದಿನ ಕಾಗದದ ಮೇಲಿನ ಸಣ್ಣ ಸಣ್ಣ ಅಂಕಿಗಳನ್ನು ನೋಡಿ ನೋಡಿ ಕಣ್ಣು ಕುಗ್ಗಿ ಹೋಗುತ್ತಿತ್ತಂತೆ. ಏಳನೆಯ ದಿನ ಅವಕ್ಕೆ ದೊಡ್ಡದೇನಾದರೂ ತೋರಿಸಬೇಕಿತ್ತಂತೆ.

ಆ ಕಣ್ಣುಗಳೇ ಕೈಕೊಟ್ಟವು. ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನೋಟ ಸುತ್ತಲಿಂದ ಮುಚ್ಚಿಕೊಂಡು ಬರುವ ಕಾಯಿಲೆ. ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನು ಹನಿ ಔಷಧ ಹಾಕಿ ಕಾಪಾಡಿಕೊಳ್ಳಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಇನ್ನೊಂದು ಮಾತನ್ನೂ ಹೇಳಿದ್ದರು: ದೂರದ ದೊಡ್ಡ ವಸ್ತುಗಳೂ ಕಾಣದಾದ ದಿನ ಒಬ್ಬರೇ ಹೊರಗೆ ಹೋಗುವುದನ್ನು ನಿಲ್ಲಿಸಬೇಕು.

ಕಾಕು ಅಂದೇ ಸಂಜೆ ಮೇಲಕ್ಕೆ ಬಂದರು. “ರವಿವಾರ ನೀ ಖಾಲಿ ಇರ್ತೀಯಲ್ಲ ಯವ್ವಾ, ಇವರ ಕೂಡ ಹೋಗಿ ಬಾ. ಬಿಡ್ರಿ ಅಂದ್ರ ಬಿಡಂಗಿಲ್ಲ. ಒಬ್ಬರನ್ನ ಕಳಸಾಕ ನನಗ ಮನಸು ಬರವಲ್ದು.”

ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ ಹುಟ್ಟಿ ಬೆಳೆದೂ ಒಂದು ದಿನವೂ ಅದನ್ನು ಹತ್ತದಿದ್ದ ಸೋಮಾರಿ ನಾನು. ಭಾನುವಾರವೆಂದರೆ ಹತ್ತು ಗಂಟೆಯವರೆಗೆ ಮಲಗುವ ದಿನ ಎಂದು ನಂಬಿದ್ದವಳು. ಕಾಕುಗೆ ಇಲ್ಲ ಎನ್ನಲಾಗದೆ ಹೂಂ ಅಂದೆ, ಎರಡು ವಾರ ಹೋಗಿ ಏನಾದರೂ ನೆಪ ಹೇಳಿದರಾಯಿತು ಅಂದುಕೊಂಡು. ಮೊದಲ ಭಾನುವಾರ ಕಾಲಿನ ಬೊಬ್ಬೆ ಒಡೆದು ಬಸ್ಸಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಕುಳಿತಿದ್ದೆ. ಮೂರನೆಯ ಭಾನುವಾರ ಅವರಿಗಿಂತ ಮೊದಲೇ ಎದ್ದು ಗೇಟಿನ ಬಳಿ ನಿಂತಿದ್ದೆ.

ಅದಕ್ಕೆ ಕಾರಣ ಅವರು ಕೊಟ್ಟ ಕೆಲಸ. ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಇಬ್ಬಿಬ್ಬರು ಜೋಡಿಯಾಗಿ ಕೂರುತ್ತಿದ್ದರಂತೆ. ಒಬ್ಬ ಉಪಕರಣದ ಮುಳ್ಳು ನೋಡಿ ರೀಡಿಂಗ್ ಹೇಳಬೇಕು, ಇನ್ನೊಬ್ಬ ಬರೆದುಕೊಳ್ಳಬೇಕು. ಬರೆಯುವವನು ಮುಳ್ಳಿನ ಕಡೆ ಕಣ್ಣೆತ್ತಿಯೂ ನೋಡಬಾರದು. ನೋಡಿದರೆ ಅವನ ಮನಸ್ಸಿನ ಸಂಖ್ಯೆ ಇವನ ಬಾಯಿಗೆ ಬರುತ್ತದೆ, ಆಮೇಲೆ ಯಾರು ಏನು ಕಂಡರೆಂದು ಹೇಳಲು ಬರುವುದಿಲ್ಲ. ಓದುವವನು ಹೇಳಿದ್ದೇ ಅಂತಿಮ. ಆ ಕಾಗದ ನಂಬಿ ಮೇಲೆ ಯಾರೋ ವಿಮಾನ ಹಾರಿಸುತ್ತಾನೆ. ಮೂವತ್ತು ವರ್ಷ ಕಾಕಾ ಹೀಗೇ ಬದುಕಿದ್ದರು, ಹೆಚ್ಚು ಕಾಲ ಬರೆಯುವವರಾಗಿ.

ಗುಡ್ಡದ ಮೇಲೂ ಅದೇ ಪದ್ಧತಿ ಹಾಕಿದರು. ನಾನು ಓದುವವಳು, ಅವರು ಬರೆಯುವವರು. ದಾರಿ ಇಕ್ಕಟ್ಟಾದಾಗ ನಿಂತು, “ರೀಡಿಂಗ್ ಹೇಳು ತಂಗಿ” ಎನ್ನುತ್ತಿದ್ದರು. ಎಡಕ್ಕೆ ಜಾಲಿ ಕಂಟಿ, ಎದುರಿಗೆ ಮೊಣಕಾಲೆತ್ತರದ ಕಲ್ಲು, ಇಪ್ಪತ್ತು ಹೆಜ್ಜೆಗೆ ಇಳಿಜಾರು... ಹೇಳಿದ್ದನ್ನು ತಲೆಯಲ್ಲಿ ಬರೆದುಕೊಂಡು ಹೆಜ್ಜೆ ಇಡುತ್ತಿದ್ದರು. ಮೊದಮೊದಲು ನಾನು, ‘ಇದು ದಾರಿ ಇರಬೇಕು ಕಾಕಾ’ ಎಂದರೆ ನಿಂತೇಬಿಡುತ್ತಿದ್ದರು. “ಕಂಡದ್ದಷ್ಟ ಹೇಳು. ಅನಿಸಿದ್ದು ಬ್ಯಾಡ. ಅನಿಸಿದ್ದು ಕಣ್ಣ ಮುಚ್ಚಿಗೊಂಡು ನಾನೂ ಹೇಳ್ತೀನಿ.” ಆಫೀಸಿನಲ್ಲಿ ನಾನು ಓಡಿಸದ ಟೆಸ್ಟುಗಳಿಗೂ ‘ಪಾಸ್’ ಎಂದು ಗುರುತು ಹಾಕಿ ಆರು ಗಂಟೆಗೆ ಮನೆಗೆ ಓಡುತ್ತಿದ್ದವಳು. ಅವರ ಜೊತೆ ನಾಲ್ಕು ತಿಂಗಳು ನಡೆದ ಮೇಲೆ ಆ ಚಾಳಿ ತಾನಾಗಿ ಬಿಟ್ಟು ಹೋಯಿತು.

ಬಂಡೆಗಳಿಗೆಲ್ಲ ಅವರೇ ಹೆಸರಿಟ್ಟಿದ್ದರು. ಬೆನ್ನು ಬಾಗಿದ್ದು ಅಜ್ಜಿಗುಂಡು. ನಡುವೆ ಸೀಳಿದ್ದು ಕೋರ್ಟುಕಲ್ಲು. ಅಣ್ಣತಮ್ಮಂದಿರು ಭಾಗ ಮಾಡಿಕೊಂಡ ಹಾಗಿದೆ ಎಂದು. ಎಲ್ಲಕ್ಕಿಂತ ದೊಡ್ಡವು ಜೋಡೆತ್ತು. ಕೊಳ್ಳದ ಆಚೆಯ ಗುಡ್ಡದ ನೆತ್ತಿಯ ಮೇಲೆ ಆಕಾಶಕ್ಕೆ ಬೆನ್ನು ಕೊಟ್ಟು ನಿಂತ ಎರಡು ಬಂಡೆ, ಒಂದೊಂದೂ ಮನೆಯಷ್ಟು ದೊಡ್ಡವು. ಈಚೆಯ ದಾರಿಯಲ್ಲಿ ನಡೆಯುತ್ತ ಹೋದಂತೆ ಎರಡರ ನಡುವಿನ ಸಂದು ಕಿರಿದಾಗುತ್ತ ಬಂದು, ಒಂದು ಜಾಗದಲ್ಲಿ ಮುಂದಿನದು ಹಿಂದಿನದನ್ನು ಪೂರ್ತಿ ಮುಚ್ಚಿ, ಒಂದೇ ಆಗಿ ಕಾಣುತ್ತಿತ್ತು. ಅಲ್ಲೇ ಬಲಕ್ಕೆ ತಿರುಗಬೇಕು. ಕೊಳ್ಳಕ್ಕೆ ಇಳಿಯುವ ಕಾಲುದಾರಿ ಇದ್ದದ್ದು ಅದೊಂದೇ ಕಡೆ. ಅದಕ್ಕಿಂತ ಮೊದಲು ತಿರುಗಿದರೆ ಮುಳ್ಳು, ದಾಟಿ ಹೋದರೆ ಹಳೆಯ ಕಲ್ಲುಕ್ವಾರಿಯ ಹೊಂಡ. ದಾರಿಯಲ್ಲಿ ಸಿಗುವ ಹಾಳು ಬಾವಿಯಿಂದ ಅಲ್ಲಿಗೆ ಎಷ್ಟು ಹೆಜ್ಜೆ ಎಂಬುದೂ ಅವರಿಗೆ ಗೊತ್ತಿತ್ತು. ಆದರೂ ಎತ್ತುಗಳು ಕೂಡಿದ ಮೇಲೇ ತಿರುಗುತ್ತಿದ್ದರು.

ಅಲ್ಲಿ ಪ್ರತಿ ಸಲ ಎರಡು ನಿಮಿಷ ನಿಲ್ಲುತ್ತಿದ್ದರು. ಕನ್ನಡಕ ಒರೆಸಿ, ಕುತ್ತಿಗೆ ಅತ್ತ ಇತ್ತ ತಿರುಗಿಸಿ, ಉಳಿದಿದ್ದ ಚೂರು ನೋಟದಲ್ಲಿ ಅವುಗಳನ್ನು ಹುಡುಕಿ ಹಿಡಿಯುತ್ತಿದ್ದರು. ಸಿಕ್ಕ ಕೂಡಲೇ ಮುಖ ಅರಳುತ್ತಿತ್ತು. ಡಾಕ್ಟರ ಕೋಣೆಯ ಅಕ್ಷರದ ಹಲಗೆಗಿಂತ ಅವರಿಗೆ ಈ ಪರೀಕ್ಷೆಯ ಮೇಲೆ ನಂಬಿಕೆ ಹೆಚ್ಚು. ಒಮ್ಮೆ ಹಾಗೆ ನೋಡುತ್ತ ನಿಂತವರು, “ಮುಂದ ನನ್ನ ಕಣ್ಣು ಹೋದ್ರ ಹೋಗ್ಲಿ ಬಿಡು. ಅವು ಅಲ್ಲೇ ನಿಂತಿರ್ತಾವಲ್ಲ. ನೀ ನೋಡಿ ಹೇಳಿದ್ರ ನಾ ನೋಡಿದಂಗ” ಅಂದಿದ್ದರು.

ಆ ಮಾತು ಹೇಳಿ ಎರಡು ತಿಂಗಳಾಗಿತ್ತೋ ಏನೋ... ನಮ್ಮ ತಂಡವನ್ನು ಆ ಕಡೆಯ ಹೊಸ ಕಟ್ಟಡಕ್ಕೆ ಹಾಕಿದರು. ಕಂಪನಿಯ ಬಸ್ಸು ಆ ಗುಡ್ಡದ ಹಿಂದಿನ ಹೊಸ ರಸ್ತೆಯಲ್ಲಿ ಹೋಗುತ್ತಿತ್ತು. ಒಂದು ಗುರುವಾರ ಕಿಟಕಿಯಿಂದ ನೋಡಿದರೆ ಎತ್ತುಗಳಲ್ಲಿ ಒಂದು ಇಲ್ಲ. ಇನ್ನೊಂದರ ಮೈಗೆ ಸಾಲಾಗಿ ತೂತು ಕೊರೆದಿದ್ದರು. ಮಧ್ಯಾಹ್ನ ಮದ್ದು ಸಿಡಿದ ಸದ್ದಿಗೆ ನಮ್ಮ ಆಫೀಸಿನ ಗಾಜು ನಡುಗಿತು. ಯಾರೋ, ನಮ್ಮ ಮುಂದಿನ ಬ್ಲಾಕಿಗೆ ಜಾಗ ಮಾಡುತ್ತಿದ್ದಾರೆ ಎಂದು ಖುಷಿಯಿಂದ ಹೇಳಿದರು. ಶುಕ್ರವಾರ ಸಂಜೆ ಗುಡ್ಡದ ನೆತ್ತಿ ಬೋಳಾಗಿತ್ತು.

ಹೇಳಬೇಕು ಎಂದೇ ಆ ಭಾನುವಾರ ಹೊರಟಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಅವತ್ತು ಕಾಕಾ ಎಂದಿಲ್ಲದ ಗೆಲುವಿನಲ್ಲಿದ್ದರು. ಕಾಕು ಹೊಸ ಗುರೆಳ್ಳು ಚಟ್ನಿ ಕಟ್ಟಿ ಕೊಟ್ಟಿದ್ದರು, ಅದರ ಬಗ್ಗೆಯೇ ಅರ್ಧ ದಾರಿ ಮಾತಾಡಿದರು. ತಿರುವು ಬಂತು. ನಿಂತರು. ಕನ್ನಡಕ ಒರೆಸಿದರು. ಭಾನುವಾರ ಕೆಲಸಕ್ಕೆ ರಜೆ, ಹಾಗಾಗಿ ಯಂತ್ರದ ಸದ್ದೂ ಇರಲಿಲ್ಲ. ಎದುರಿಗೆ ಬರೀ ಬಿಳಿ ಆಕಾಶ.

“ಜೋಡೆತ್ತು ಕೂಡಿದಾವೇನು?”

“ಕೂಡಿವೆ ಕಾಕಾ” ಅಂದೆ.

ನನ್ನ ಬಾಯಿಂದ ಅದು ಹೇಗೆ ಬಂತೋ ಇವತ್ತಿಗೂ ತಿಳಿಯದು. ಅವರು ಆ ಕಡೆಯೇ ಬಹಳ ಹೊತ್ತು ನೋಡಿದರು. ಕುತ್ತಿಗೆ ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಆಮೇಲೆ ಇನ್ನೊಂದು. ಕೊನೆಗೆ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, “ಹೌದಾ” ಎಂದಷ್ಟೇ ಅಂದರು. ಬಲಕ್ಕೆ ತಿರುಗಿದರು. ಬದುಕಿದೆಯಾ ಬಡಜೀವವೇ ಎಂದು ನಾನು ಉಸಿರು ಬಿಟ್ಟೆ. ಅವರು ಅಷ್ಟು ಹೊತ್ತು ಏನು ಹುಡುಕುತ್ತಿದ್ದರೆಂದು ಕೇಳಲೂ ಇಲ್ಲ, ಯೋಚಿಸಲೂ ಇಲ್ಲ. ನನ್ನ ಜಾಣತನಕ್ಕೆ ಏನು ಹೇಳಲಿ.

ಒಮ್ಮೆ ಹೇಳಿದ ಮೇಲೆ ಮುಂದಿನ ವಾರ ಬದಲಿಸಲು ಬರುತ್ತದೆಯೇ? ಅಲ್ಲಿಂದ ಹದಿನಾರು ಹದಿನೇಳು ಭಾನುವಾರ ಅದೇ ಸುಳ್ಳು ಹೇಳಿದೆ. ತಿರುವನ್ನು ಒಂದು ಕರೆಂಟು ಕಂಬದ ಗುರುತಿನಿಂದ ಹಿಡಿದು, ‘ಈಗ ಕೂಡಿದವು ಕಾಕಾ’ ಎನ್ನುತ್ತಿದ್ದೆ. ಬರೀ ಅಷ್ಟೇ ಆಗಿದ್ದರೆ ಹೋಗಲಿ, ಅದಕ್ಕೆ ಬಣ್ಣವನ್ನೂ ಹಚ್ಚಿದೆ. ಮುಂದಿನದರ ಮೇಲೆ ಹದ್ದು ಕೂತಿದೆ, ಮಳೆಗೆ ನೆನೆದು ಕಪ್ಪಾಗಿವೆ, ಬಿಸಿಲು ಬಿದ್ದು ಕೆಂಪಾಗಿವೆ... ಅವರು ಕೇಳಿಸಿಕೊಂಡು ಹೂಂ ಎನ್ನುತ್ತಿದ್ದರು. ದಿನದಿಂದ ದಿನಕ್ಕೆ ಆ ಹೂಂ ಸಣ್ಣದಾಗುತ್ತಿತ್ತು. ಅವರ ಮನಸ್ಸು ಸರಿಯಿಲ್ಲ, ಇನ್ನಷ್ಟು ಚೆನ್ನಾಗಿ ಹೇಳಬೇಕು ಎಂದು ನಾನು ಮುಂದಿನ ವಾರ ಇನ್ನೊಂದು ಹಕ್ಕಿ ಕೂರಿಸುತ್ತಿದ್ದೆ.

ಅದೇ ತಿಂಗಳುಗಳಲ್ಲಿ ಕಾಕಾ ಒಂದೊಂದಾಗಿ ಎಲ್ಲ ಬಿಡುತ್ತ ಬಂದರು. ವಾರದ ನಡುವೆ ಒಬ್ಬರೇ ಮಾರ್ಕೆಟ್ಟಿಗೆ ಹೋಗುವುದು ನಿಂತಿತು. ಬಾಲಾನಗರದ ಹಳೆಯ ಗೆಳೆಯರನ್ನು ನೋಡಲು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗುತ್ತಿದ್ದವರು ಅದನ್ನೂ ಬಿಟ್ಟರು. ಸೈಕಲ್ಲನ್ನು ಇಸ್ತ್ರಿಯವನಿಗೆ ಕೊಟ್ಟುಬಿಟ್ಟರು. ಕಾಕು ನನ್ನ ಹತ್ತಿರ ಬಂದು, ಡಾಕ್ಟರು ಕಣ್ಣು ಮೊದಲಿನ ಹಾಗೇ ಇವೆ ಅಂತಾರೆ, ಇವರು ನೋಡಿದರೆ ನನಗೇ ಗೊತ್ತು ಅಂತಾರೆ, ಯಾರ ಮಾತು ನಂಬಲಿ ಯವ್ವಾ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಸಮಾಧಾನ ಹೇಳಿದೆ. ನಾನು!

ಫೆಬ್ರುವರಿಯ ಒಂದು ಭಾನುವಾರ ಆಫೀಸಿನಲ್ಲಿ ರಿಲೀಸ್ ಇತ್ತು, ಎಲ್ಲರೂ ಬರಲೇಬೇಕಿತ್ತು. ‘ಬರುವ ವಾರ ಹೋಗೋಣ ಕಾಕಾ’ ಎಂದು ಹೇಳಿ ಬಸ್ಸು ಹತ್ತಿದೆ. ಸಂಜೆ ಬಂದಾಗ ಮುಂಬಾಗಿಲು ತೆರೆದೇ ಇತ್ತು. ಕಾಕಾ ನಡುಮನೆಯ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಮುಖ ಬಿಸಿಲಿಗೆ ಸುಟ್ಟು ಕೆಂಪಾಗಿತ್ತು. ಕಾಕು ಒದ್ದೆ ಬಟ್ಟೆ ಹಿಂಡುತ್ತಿದ್ದರು. ನನ್ನನ್ನು ಕಂಡೂ ಮಾತಾಡಿಸಲಿಲ್ಲ.

ಆಮೇಲೆ ಕಾಕು ಬಾಯಿಂದಲೇ ತಿಳಿಯಿತು. ಇದೇ ಕೊನೆ, ಇನ್ನು ಮೇಲೆ ಹೋಗುವುದಿಲ್ಲ ಎಂದು ಕಾಕುಗೆ ಮಾತು ಕೊಟ್ಟು ಕಾಕಾ ಒಬ್ಬರೇ ಹೊರಟಿದ್ದರಂತೆ. ಹೆಜ್ಜೆ ಎಣಿಸಿಕೊಂಡು ಆ ತಿರುವಿನವರೆಗೆ ಸರಿಯಾಗಿಯೇ ಹೋಗಿದ್ದಾರೆ. ಅಲ್ಲಿ ನಿಂತು ನೋಡಿದ್ದಾರೆ. ಆಕಾಶವಿದೆ, ಗುಡ್ಡವಿದೆ, ಎತ್ತುಗಳಿಲ್ಲ. ಗುರುತು ಸಿಗದೆ ತಿರುಗುವಂತಿಲ್ಲ. ಕಾಣದ ಕಣ್ಣು ನಂಬಿ ಮರಳಿ ಬರಲೂ ಧೈರ್ಯವಿಲ್ಲ, ಒಂದು ಪಕ್ಕ ಹೊಂಡ. ಅಲ್ಲೇ ಕುಳಿತುಬಿಟ್ಟಿದ್ದಾರೆ, ಬೆಳಗಿನಿಂದ ಮಧ್ಯಾಹ್ನ ಎರಡರವರೆಗೆ. ಕಲ್ಲು ಒಡೆಯುವ ಕೆಲಸಕ್ಕೆ ಪಾಲಮೂರು ಕಡೆಯಿಂದ ಬಂದು ಅಲ್ಲೇ ಗುಡಿಸಲು ಹಾಕಿಕೊಂಡಿದ್ದ ಒಬ್ಬ ಹೆಂಗಸು ಸೌದೆಗೆ ಬಂದವಳು ನೋಡಿದ್ದಾಳೆ. ಏನು ತಾತ, ಯಾಕೆ ಕೂತೆ ಎಂದು ತೆಲುಗಿನಲ್ಲಿ ಕೇಳಿದ್ದಾಳೆ. ನನ್ನ ಕಣ್ಣು ಹೋದವಮ್ಮ, ಎದುರಿಗಿರುವ ಅಷ್ಟು ದೊಡ್ಡ ಗುಂಡುಗಳು ಕಾಣುತ್ತಿಲ್ಲ ಎಂದರಂತೆ ಕಾಕಾ.

“ಅಕ್ಕಡ ಗುಂಡ್ಲು ಲೇವು ತಾತಾ” ಎಂದಳಂತೆ ಅವಳು. ಅಲ್ಲಿ ಗುಂಡುಗಳೇ ಇಲ್ಲ, ದೀಪಾವಳಿಗೂ ಮುಂಚೆಯೇ ಸಿಡಿಸಿದರು, ನನ್ನ ಗಂಡನೇ ತೂತು ಕೊರೆದದ್ದು ಎಂದು ಹೇಳಿ, ನೀರು ಕುಡಿಸಿ, ಆಟೋ ಹತ್ತಿಸಿಕೊಂಡು ಮನೆಯವರೆಗೆ ತಂದು ಬಿಟ್ಟು ಹೋಗಿದ್ದಳು.

ನಾನು ಮಂಚದ ಪಕ್ಕ ನೆಲದ ಮೇಲೆ ಕುಳಿತೆ. ಏನು ಹೇಳಿದೆನೋ ನೆನಪಿಲ್ಲ, ಅಳುತ್ತಿದ್ದೆ. ನಿಮಗೆ ಬೇಜಾರಾಗಬಾರದು ಅಂತ ಕಾಕಾ, ಎಂದಿರಬೇಕು. ಬೈಯಲಿ ಎಂದು ಕಾಯುತ್ತಿದ್ದೆ. ಅವರಿಗೆ ಬೈಯಲು ಬರುತ್ತಿರಲಿಲ್ಲ. ಮೆಲ್ಲಗೆ ಹೇಳಿದರು.

“ಗುಂಡು ಹೋದವು, ಹೋಗ್ಲಿ. ಊರು ಬೆಳ್ಯಾಕತ್ತೈತಿ, ಅವು ಉಳಿಯಂಗಿಲ್ಲ ಅಂತ ನನಗೂ ಗೊತ್ತಿತ್ತು. ನೀ ಅದಾವ ಅಂದಿ, ನನಗ ಕಾಣವಲ್ಲವು. ನಾಕು ತಿಂಗಳು ನಾ ಕುರುಡ ಆಗೀನಿ ಅಂತ ತಿಳಕೊಂಡಿದ್ದೆ ಯವ್ವಾ. ಇಲ್ಲ ಅಂತ ಒಂದ ಮಾತು ಹೇಳಿದ್ರ ನನ್ನ ಕಣ್ಣು ಇನ್ನಾ ಅದಾವ ಅಂತ ಗೊತ್ತಾಗತಿತ್ತು.”

ಅಷ್ಟೇ. ಕಾಕುಗೆ, ಈ ಹುಡುಗಿ ಬೆಳಗಿನಿಂದ ಏನೂ ತಿಂದಿಲ್ಲ, ಚಹಾ ಮಾಡು ಎಂದರು. ಆ ಚಹಾ ಕುಡಿದದ್ದು ನನಗೆ ನೆನಪಿದೆ.

ಎತ್ತುಗಳು ಇಲ್ಲವೆನ್ನುವುದಕ್ಕಿಂತ ತನ್ನ ಕಣ್ಣೇ ಸುಳ್ಳು ಎಂದು ನಂಬುವುದು ಅವರಿಗೆ ಸುಲಭವಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ದಾರಿಯಲ್ಲಿ ಹೋಗುವ ಇನ್ನೊಬ್ಬನನ್ನು ಕೇಳುತ್ತಿದ್ದರು. ಅವರು ಕೇಳಲಿಲ್ಲ, ಓದುವವಳು ಓದಿ ಆಗಿತ್ತು, ಬರೆಯುವವನು ತಲೆಯೆತ್ತಿ ನೋಡಬಾರದು. ಕಣ್ಣಿಗೆ ಕಂಡದ್ದನ್ನು ಹೇಳಲು ಬೇಕಿದ್ದದ್ದು ಒಂದೇ ಒಂದು ಗಳಿಗೆಯ ಧೈರ್ಯ. ಅವರ ಮುಖ ಬಾಡುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ನನ್ನ ಆ ಪುಕ್ಕಲುತನಕ್ಕೆ ನಾನು ಕರುಣೆ ಎಂದು ಹೆಸರಿಟ್ಟುಕೊಂಡು ನಾಲ್ಕು ತಿಂಗಳು ಸುಖವಾಗಿ ನಿದ್ದೆ ಮಾಡಿದ್ದೆ.

ಮುಂದಿನ ಭಾನುವಾರ ಐದೂವರೆಗೆ ಗೇಟಿನ ಬಳಿ ನಿಂತೆ. ಕಾಕಾ ಬಾಗಿಲಿಗೆ ಬಂದು, “ಇವತ್ತ ಬ್ಯಾಡ ತಂಗಿ, ನೀ ಮಲ್ಕೋ ಹೋಗು” ಅಂದರು. ಅದರ ಮುಂದಿನ ವಾರವೂ ಅಷ್ಟೇ. ಮೂರನೆಯ ವಾರ ನಾನು ಗೇಟಿನವರೆಗೆ ಹೋಗಲಿಲ್ಲ, ಮೇಲಿನಿಂದಲೇ ನೋಡಿದೆ. ಒಬ್ಬರೇ ಹೋಗಲು ಕಾಕು ಬಿಡುವಂತಿರಲಿಲ್ಲ. ನನ್ನೊಂದಿಗೆ ಹೋಗಲು ಅವರು ಸಿದ್ಧರಿರಲಿಲ್ಲ. ಕಣ್ಣು ಇನ್ನೂ ಇದ್ದವು. ಕಾಲೂ ಗಟ್ಟಿಯಿದ್ದವು. ಮನೆಯ ಮುಂದಿನ ರಸ್ತೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಬಂದು ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಿದ್ದರು. ಆ ಮಳೆಗಾಲ ಕಳೆಯುವ ಹೊತ್ತಿಗೆ ನೋಟ ನಿಜವಾಗಿಯೂ ಹೋಯಿತು. ನಡುವೆ ಉಳಿದಿದ್ದ ಏಳೆಂಟು ತಿಂಗಳನ್ನು, ಅದಕ್ಕೂ ಹಿಂದಿನ ನಾಲ್ಕನ್ನು, ನಾನೇ ಅವರಿಂದ ಕಸಿದುಕೊಂಡೆ. ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ಮಾತು ಬಿಡಲಿಲ್ಲ ಅವರು. ಮೆಟ್ಟಿಲ ಮೇಲೆ ನನ್ನ ಹೆಜ್ಜೆ ಸದ್ದು ಕೇಳಿದರೆ ಕರೆದು ಕೂರಿಸಿಕೊಳ್ಳುತ್ತಿದ್ದರು. ಆಫೀಸು, ಊರು, ಅಪ್ಪನ ಆರೋಗ್ಯ, ಎಲ್ಲ ಕೇಳುತ್ತಿದ್ದರು. ಏನು ಕಾಣುತ್ತಿದೆ ಎಂದು ಮಾತ್ರ ಮತ್ತೆ ಒಂದು ದಿನವೂ ಕೇಳಲಿಲ್ಲ. ಮಳೆ ಬರುವ ಹಾಗಿದೆಯೇ ಎಂಬುದನ್ನೂ ಕಾಕುವನ್ನೇ ಕೂಗಿ ಕೇಳುತ್ತಿದ್ದರು, ನಾನು ಪಕ್ಕದಲ್ಲೇ ಕುಳಿತಿದ್ದರೂ.

ಮರುವರ್ಷ ನನ್ನ ಮದುವೆ ಗೊತ್ತಾಯಿತು. ಮಧುಗಿರಿಯಿಂದ ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ ಮೊದಲನೆಯದನ್ನು ಅರಿಶಿನ ಹಚ್ಚಿ ಕಾಕಾನ ಕೈಗೆ ಕೊಟ್ಟೆ. ಅಕ್ಷರಗಳ ಮೇಲೆ ಬೆರಳಾಡಿಸಿದರು. ‘ಓದ್ತೀನಿ ಇರಿ ಕಾಕಾ’ ಎಂದು ನಾನು ಕೈ ಚಾಚಿದೆ. ಅವರು ಪತ್ರಿಕೆಯನ್ನು ತಮ್ಮ ಕಡೆ ಎಳೆದುಕೊಂಡರು. ಸಿಟ್ಟಿನಿಂದಲ್ಲ, ಬಹಳ ಮೆತ್ತಗೆ. “ಇರಲಿ ಯವ್ವಾ, ಆಕಿ ಓದ್ತಾಳ” ಎಂದು ಅಡಿಗೆಮನೆಯ ಕಡೆ ಕೂಗಿದರು.

ಕಾಕು ನಾಲ್ಕನೆಯ ಇಯತ್ತೆವರೆಗೆ ಓದಿದವರು. ಕೈ ಒರೆಸಿಕೊಂಡು ಬಂದು, ಕನ್ನಡಕ ಹುಡುಕಿ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು. ನನ್ನಪ್ಪನ ಹೆಸರಿನ ಒತ್ತಕ್ಷರದಲ್ಲಿ ಸಿಕ್ಕಿಬಿದ್ದರು. ಮುಹೂರ್ತದ ಸಾಲು ಎರಡು ಸಲ ಓದಿದರು. ಅದರಲ್ಲಿನ ಒಂದೊಂದು ಮಾತೂ ನನಗೆ ಬಾಯಿಗೆ ಬರುತ್ತಿತ್ತು. ತೋಳಳತೆಯಲ್ಲಿ ಕುಳಿತು ತುಟಿ ಕಚ್ಚಿಕೊಂಡು ಕೇಳಿದೆ. ಕಾಲುಗಂಟೆ ಹಿಡಿಯಿತು. ಮುಗಿದ ಮೇಲೆ ಕಾಕಾ ಕೈ ಚಾಚಿ ನನ್ನ ತಲೆ ಹುಡುಕಿ, ಅದರ ಮೇಲೆ ಅಂಗೈ ಇಟ್ಟು, “ಭಾಳ ಛಲೋ ಆತು. ಸುಖವಾಗಿರು” ಎಂದು ಹರಸಿದರು. ಮನಸಾರೆ ಹರಸಿದರು, ಅದರಲ್ಲಿ ನನಗೆ ಅನುಮಾನವಿಲ್ಲ. ಕ್ಷಮಿಸಿ ಎಷ್ಟೋ ದಿನವಾಗಿತ್ತು. ಆದರೂ ನನ್ನ ಮದುವೆಯ ದಿನಾಂಕವನ್ನು ನನ್ನ ಬಾಯಿಂದ ಕೇಳಿ ನಂಬಲು ಅವರಿಗೆ ಆಗಲಿಲ್ಲ.

ಆಮೇಲೆ ಮೂರು ವರ್ಷ ಇದ್ದರು. ಸುದ್ದಿ ಬಂದಾಗ ನಾನು ಕಂಪನಿ ಕೆಲಸದ ಮೇಲೆ ಚೆನ್ನೈನಲ್ಲಿದ್ದೆ, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಕು ತಮ್ಮನ ಮನೆಗೆಂದು ಲಿಂಗಸುಗೂರಿಗೆ ಹೋದರು; ಕೆಲವು ವರ್ಷ ಹಬ್ಬಕ್ಕೆ ಫೋನು ಮಾಡುತ್ತಿದ್ದರು, ಈಗ ಅದೂ ಇಲ್ಲ. ಮನೆಯ ಜಾಗದಲ್ಲಿ ಐದು ಮಹಡಿ ಎದ್ದಿದೆ. ನಾನು ಇದೇ ಊರಿನಲ್ಲಿ ಉಳಿದೆ, ಕೂದಲು ಬೆಳ್ಳಗಾಯಿತು. ಆಫೀಸಿನಲ್ಲಿ ನನ್ನ ಕೈಕೆಳಗಿನವರು ನನ್ನನ್ನು ಮುಲಾಜಿಲ್ಲದ ಹೆಂಗಸು ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಸೀತಾಫಲದ ವಾಸನೆ ಬಂದ ಆ ವಾರವೇ, ಭಾನುವಾರ ಬೆಳಿಗ್ಗೆ, ಯಾರಿಗೂ ಹೇಳದೆ ಕ್ಯಾಬು ಹಿಡಿದು ಗಂಡಿಪೇಟೆಗೆ ಹೊರಟೆ. ನಾವು ಅರ್ಧ ದಿನ ನಡೆಯುತ್ತಿದ್ದ ದೂರ ಈಗ ಅರ್ಧ ಗಂಟೆ. ಕಿಟಕಿಗೆ ಮುಖ ಒತ್ತಿ ಕುಳಿತಿದ್ದೆ. ಬಾವಿ ಎಲ್ಲಿ, ಅಜ್ಜಿಗುಂಡು ಎಲ್ಲಿ, ಕೊಳ್ಳ ಎಲ್ಲಿ... ಗಾಜಿನ ಗೋಪುರ, ಅದರ ಹಿಂದೆ ಇನ್ನೊಂದು ಗಾಜಿನ ಗೋಪುರ. ಒಂದು ಜಾಗವನ್ನೂ ಗುರುತು ಹಿಡಿಯಲಾಗಲಿಲ್ಲ. ನನ್ನ ಕಣ್ಣು ಚೆನ್ನಾಗಿಯೇ ಇವೆ.

ವರಂಗಲ್ ಕಡೆಯ ಡ್ರೈವರು, ನನ್ನದೇ ವಯಸ್ಸಿನ ಸಾಧು ಮನುಷ್ಯ. ನನ್ನ ಹರಕುಮುರುಕು ತೆಲುಗಿನಲ್ಲಿ ಅವನನ್ನು ಕೇಳಿದೆ: ಇಲ್ಲೊಂದು ಗುಡ್ಡ ಇತ್ತಲ್ಲ, ಮೇಲೆ ಎರಡು ದೊಡ್ಡ ಬಂಡೆ, ಜೋಡಿ ಎತ್ತು ನಿಂತ ಹಾಗೆ? ಅವನು ಅತ್ತ ಇತ್ತ ನೋಡಿ, ಇಲ್ಲಿ ಗುಡ್ಡವೆಲ್ಲಿಯದು ಮೇಡಂ, ಹತ್ತು ವರ್ಷದಿಂದ ಇದೇ ದಾರಿಯಲ್ಲಿ ಓಡಿಸುತ್ತಿದ್ದೇನೆ ಅಂದ. ಇತ್ತು, ನಾನು ಕಣ್ಣಾರೆ ಕಂಡಿದ್ದೇನೆ, ಪ್ರತಿ ಭಾನುವಾರ ನೋಡುತ್ತಿದ್ದೆ ಎಂದೆ. ದನಿ ನನಗೇ ತಿಳಿಯದೆ ಏರಿರಬೇಕು, ಕಣ್ಣಲ್ಲಿ ನೀರೂ ಬಂದಿರಬೇಕು. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನನ್ನ ಮನಸ್ಸು ನೋಯಬಾರದೆಂದು, “ಉಂಡೇ ಉಂಟದಿ ಲೇ ಮೇಡಂ” ಎಂದ. ಇದ್ದೇ ಇರುತ್ತದೆ ಬಿಡಿ ಎಂದು.

ಆ ದನಿ ನನಗೆ ಚೆನ್ನಾಗಿ ಗೊತ್ತು. ಮುಂದೆ ಕೆರೆ ಬರುವವರೆಗೆ ನಾನು ಏನೂ ಕೇಳಲಿಲ್ಲ.